‘ರ್ರ’ ಹೇಳಲು ಬಾರದವರಿಗೆ: ನಾಲಿಗೆಯನ್ನು ಗಾಳಿಗೆ ಬಿಡುವುದು ಹೇಗೆ

ಇದು ‘ರ’ ಹೇಳಲು ಕಷ್ಟಪಡುವ ದೊಡ್ಡವರಿಗಾಗಿ ಬರೆದ ಲೇಖನ. ಮಕ್ಕಳ ವಿಷಯ ಸ್ವಲ್ಪ ಬೇರೆ, ಅದನ್ನು ಕೊನೆಗೆ ಹೇಳುತ್ತೇನೆ. ನಿಮ್ಮ ಬಾಯಲ್ಲಿ ‘ಕರಿ’ ಎನ್ನುವುದು ‘ಕಲಿ’ ಆಗುತ್ತಿರಬಹುದು. ‘ಮರ’ ಎಂದದ್ದು ‘ಮಯ’ ಎಂದು ಕೇಳಿಸುತ್ತಿರಬಹುದು. ಇಲ್ಲವೇ ‘ಮರ’ ಸರಿಯಾಗಿಯೇ ಬರುತ್ತದೆ, ಆದರೆ ‘ಹಕ್ಕಿ ಪುರ್ರನೆ ಹಾರಿತು’ ಎನ್ನುವಾಗ ಆ ‘ರ್ರ’ ಉರುಳುವುದಿಲ್ಲ. ಸ್ಪ್ಯಾನಿಷ್ ಕಲಿಯಲು ಹೊರಟು ಅಲ್ಲಿ ಸಿಕ್ಕಿಹಾಕಿಕೊಂಡವರೂ ಇರಬಹುದು. ಎಲ್ಲರಿಗೂ ಇಲ್ಲಿ ದಾರಿ ಇದೆ.

ನನಗೆ 21 ವರ್ಷವಾಗುವವರೆಗೆ ‘ರ’ ಬರುತ್ತಿರಲಿಲ್ಲ. ನನ್ನ ಹೆಸರಿನಲ್ಲೇ ಎರಡು ‘ರ’ ಇವೆ. ಅಂಗಡಿಯಲ್ಲಿ ಮೂರು ಪೆನ್ಸಿಲ್ ಬೇಕಿದ್ದರೆ ನಾಲ್ಕು ಕೇಳುತ್ತಿದ್ದೆ, ಏಕೆಂದರೆ ‘ನಾಲ್ಕು’ ಎಂಬ ಮಾತಿನಲ್ಲಿ ‘ರ’ ಇಲ್ಲ. ಕೊನೆಗೆ ಒಬ್ಬ ಸ್ಪೀಚ್ ಥೆರಪಿಸ್ಟ್ ನನ್ನನ್ನು ಕೂರಿಸಿಕೊಂಡು ಒಂದು ಮಾತು ಹೇಳಿದರು: ‘ನೀವು ನಾಲಿಗೆ ಆಡಿಸೋಕೆ ನೋಡ್ತಿದ್ದೀರಿ. ಆಡಿಸಬೇಡಿ, ಹಿಡಿದುಕೊಂಡು ಬಿಡಿ. ಆಡಿಸೋದು ಗಾಳಿ ಕೆಲಸ.’ ಅಂದಿನಿಂದ ಆರು ವಾರಕ್ಕೆ ನನಗೆ ‘ರ್ರ’ ಬಂತು. ಕೆಳಗೆ ಬರೆದಿರುವುದೆಲ್ಲ ಆ ಒಂದು ಮಾತಿನ ವಿವರಣೆಯೇ.

ಬಾಯೊಳಗೆ ಏನು ನಡೆಯುತ್ತದೆ

ಅಭ್ಯಾಸಕ್ಕೆ ಮೊದಲು ಇದು ಅರ್ಥವಾಗಬೇಕು. ಇದು ತಿಳಿಯದೆ ತಿಂಗಳುಗಟ್ಟಲೆ ಒದ್ದಾಡಿದವರನ್ನು ನೋಡಿದ್ದೇನೆ.

ಒಂದು ಸಣ್ಣ ಪರೀಕ್ಷೆ ಮಾಡಿ. ‘ತತತತತ’ ಎಂದು ನಿಮ್ಮಿಂದ ಆಗುವಷ್ಟು ಜೋರಾಗಿ, ಬೇಗ ಬೇಗ ಹೇಳಿ. ಎಷ್ಟೇ ಚುರುಕಿನ ನಾಲಿಗೆಯಾದರೂ ಸೆಕೆಂಡಿಗೆ ಆರೇಳು ‘ತ’ ಬರಬಹುದು, ಅಷ್ಟೇ. ಸ್ನಾಯುಗಳ ಮಿತಿ ಅದು. ಆದರೆ ಚೆನ್ನಾಗಿ ಉರುಳುವ ‘ರ್ರ’ದಲ್ಲಿ ತುದಿನಾಲಿಗೆ ಸೆಕೆಂಡಿಗೆ ಸುಮಾರು 25ರಿಂದ 30 ಸಲದ ವೇಗದಲ್ಲಿ ಮೇಲೆ ಬಡಿಯುತ್ತದೆ. ಅಷ್ಟು ಬೇಗ ನಾಲಿಗೆಯನ್ನು ಯಾರೂ ಬೇಕೆಂದು ಅಲ್ಲಾಡಿಸಲಾರರು. ಹಾಗಾದರೆ ಅಲ್ಲಾಡಿಸುವವರು ಯಾರು?

ತೆಂಗಿನ ಗರಿಯ ಪೀಪಿ ಊದಿದ್ದೀರಲ್ವಾ? ಗರಿಯನ್ನು ಸುತ್ತಿ, ತುದಿಯನ್ನು ಚಪ್ಪಟೆ ಮಾಡಿ ಊದಿದರೆ ಅದು ‘ಪೀ’ ಎನ್ನುತ್ತದೆ. ಗರಿಗೆ ಸ್ನಾಯು ಇಲ್ಲ. ಸಂದಿಯಲ್ಲಿ ನುಗ್ಗುವ ಗಾಳಿಯೇ ಅದನ್ನು ನಡುಗಿಸುತ್ತದೆ. ‘ರ್ರ’ ಕೂಡ ಹೀಗೆಯೇ. ತುದಿನಾಲಿಗೆ ಮೇಲಿನ ವಸಡಿಗೆ ಹಗುರವಾಗಿ ತಾಗಿಕೊಂಡಿರುತ್ತದೆ. ಹಿಂದಿನಿಂದ ಉಸಿರು ಬಂದು ಅದನ್ನು ತಳ್ಳುತ್ತದೆ, ತುದಿ ಕೆಳಗೆ ಸರಿಯುತ್ತದೆ. ಆ ಕಿರಿದಾದ ಸಂದಿಯಲ್ಲಿ ಗಾಳಿ ರಭಸವಾಗಿ ಹೋಗುವಾಗ ಅಲ್ಲಿ ಒತ್ತಡ ತಗ್ಗುತ್ತದೆ. ಜೊತೆಗೆ ನಾಲಿಗೆಗೆ ತನ್ನದೇ ಆದ ಪುಟಿತ ಇದೆ. ಎರಡೂ ಸೇರಿ ತುದಿಯನ್ನು ಮತ್ತೆ ಮೇಲಕ್ಕೆ ಎಳೆದುಕೊಳ್ಳುತ್ತವೆ. ಮತ್ತೆ ಮುಚ್ಚಿತು, ಮತ್ತೆ ಉಸಿರು ತಳ್ಳಿತು. ಮಾತಿನ ನಡುವೆ ಇಂಥ ಎರಡು ಮೂರು ಬಡಿತ ಸಾಕು. ಅಷ್ಟೂ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ.

ಇದೇ ಕೆಲಸವನ್ನು ನಿಮ್ಮ ಗಂಟಲು ದಿನವಿಡೀ ಮಾಡುತ್ತಿದೆ. ಧ್ವನಿತಂತುಗಳು ಕಂಪಿಸುವುದೂ ಉಸಿರಿನ ಬಲದಿಂದಲೇ, ಸೆಕೆಂಡಿಗೆ ನೂರು ಇನ್ನೂರು ಸಲ. ‘ಆ’ ಎನ್ನುವಾಗ ನೀವೇನು ಅವನ್ನು ಒಂದೊಂದಾಗಿ ಅಲ್ಲಾಡಿಸುತ್ತೀರಾ? ಹತ್ತಿರ ತಂದು ಹಿಡಿಯುತ್ತೀರಿ, ಊದುತ್ತೀರಿ. ಉಳಿದದ್ದು ತಾನಾಗಿ ಆಗುತ್ತದೆ.

ಹಾಗಾಗಿ ಬೇಕಾದದ್ದು ಮೂರೇ: ಸರಿಯಾದ ಜಾಗ, ಸಡಿಲ ತುದಿ, ಸಾಕಷ್ಟು ಉಸಿರು. ಮೂರರಲ್ಲಿ ಒಂದು ಚೂರು ಹೆಚ್ಚುಕಡಿಮೆಯಾದರೂ ನಡುಕ ನಿಂತುಹೋಗುತ್ತದೆ. ‘ರ್ರ’ ಕಷ್ಟ ಎನಿಸುವುದು ಇದಕ್ಕೇ. ಅದಕ್ಕೆ ಶಕ್ತಿ ಬೇಕಿಲ್ಲ, ಹದ ಬೇಕು.

ಇನ್ನೊಂದು ವಿಷಯ. ‘ಮರ’, ‘ಕರಿ’, ‘ನೀರು’ ಇವುಗಳ ನಡುವಿನ ‘ರ’ ಸಾಮಾನ್ಯವಾಗಿ ನಡುಗುವುದೇ ಇಲ್ಲ. ನಾಲಿಗೆ ಒಮ್ಮೆ ಹಗುರವಾಗಿ ಮೇಲೆ ತಟ್ಟಿ ಇಳಿಯುತ್ತದೆ. ಭಾಷಾವಿಜ್ಞಾನದವರು ಇದನ್ನು ತಾಡಿತ ಎನ್ನುತ್ತಾರೆ, ನಡುಗುವುದನ್ನು ಕಂಪಿತ ಎನ್ನುತ್ತಾರೆ. ತಟ್ಟುವುದು ಸ್ನಾಯುವಿನ ಕೆಲಸ, ನಡುಗುವುದು ಗಾಳಿಯ ಕೆಲಸ. ‘ಮರ’ ಚೆನ್ನಾಗಿ ಹೇಳುವವರಿಗೂ ‘ಪುರ್ರ್’ ಬಾರದಿರುವುದು ಇದರಿಂದಲೇ. ಒಂದು ಗೊತ್ತಿದ್ದರೆ ಇನ್ನೊಂದು ತಾನಾಗಿ ಬಂದೇ ಬರುತ್ತದೆ ಎಂದೇನಿಲ್ಲ.

ನಿಮ್ಮ ‘ರ’ ಈಗ ಎಲ್ಲಿದೆ?

ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ‘ಕರಿ’, ‘ಮರ’, ‘ಊರು’, ‘ಗರ್ರ್’ ಎಂದು ಹೇಳಿ. ಒಂದು ಗಂಟೆ ಬಿಟ್ಟು ಕೇಳಿ. ಹೇಳಿದ ಕೂಡಲೇ ಕೇಳಿದರೆ ಕಿವಿ ನಮಗೆ ಬೇಕಾದದ್ದನ್ನೇ ಕೇಳಿಸಿಕೊಳ್ಳುತ್ತದೆ.

‘ಲ’ ಕೇಳಿಸಿದರೆ ನಾಲಿಗೆಯ ತುದಿ ಸರಿಯಾದ ಕಡೆಯೇ ಹೋಗುತ್ತಿದೆ, ಅಂಚುಗಳು ಮಾತ್ರ ಜಾರುತ್ತಿವೆ. ‘ಯ’ ಅಥವಾ ‘ವ’ ಕೇಳಿಸಿದರೆ ತುದಿ ಮೇಲೇಳುತ್ತಲೇ ಇಲ್ಲ. ನನ್ನದು ಇದೇ ಆಗಿತ್ತು. ಅಮೆರಿಕದಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಹಲವರದು ಇಂಗ್ಲಿಷಿನ ‘ರ’. ಅದರಲ್ಲಿ ನಾಲಿಗೆ ಬಾಯಿಯ ಮಧ್ಯೆ ಮುದುಡಿಕೊಂಡೋ ಸುರುಳಿಯಾಗಿಯೋ ನಿಲ್ಲುತ್ತದೆ, ತುದಿ ಎಲ್ಲಿಗೂ ತಾಗುವುದಿಲ್ಲ. ಇನ್ನು ಕೆಲವರ ‘ರ’ ಗಂಟಲಲ್ಲಿ, ಕಿರುನಾಲಿಗೆಯ ಹತ್ತಿರ ಬರುತ್ತದೆ. ಪ್ಯಾರಿಸ್‌ನಲ್ಲಿ ಅದನ್ನು ಯಾರೂ ತಪ್ಪು ಎನ್ನುವುದಿಲ್ಲ, ಅಲ್ಲಿನ ‘ರ’ ಅಲ್ಲೇ ಹುಟ್ಟುತ್ತದೆ. ಕನ್ನಡದಲ್ಲಿ ಮಾತ್ರ ಅದು ಬೇರೆಯಾಗಿ ಕೇಳಿಸುತ್ತದೆ. ಈ ಗುಂಪಿನವರು ಒಂದು ಎಚ್ಚರ ವಹಿಸಬೇಕು: ಜೋರಾಗಿ ಊದು ಎಂದ ಕೂಡಲೇ ನಿಮ್ಮ ನಡುಕ ಗಂಟಲಿಗೇ ಹೋಗುತ್ತದೆ. ಮೊದಮೊದಲು ಮೆಲ್ಲಗೆ ಊದಿ.

ಮೊದಲು ಜಾಗ

ತುದಿನಾಲಿಗೆಯನ್ನು ಮೇಲಿನ ಮುಂದಿನ ಹಲ್ಲುಗಳ ಹಿಂಬದಿಗೆ ಇಡಿ. ಅದು ‘ತ’ ಜಾಗ. ಮೆಲ್ಲಗೆ ಹಿಂದಕ್ಕೆ ಜಾರಿಸಿ. ಹಲ್ಲು ಮುಗಿದು ವಸಡು ಶುರುವಾದ ಕೂಡಲೇ ಒಂದು ಸಣ್ಣ ಉಬ್ಬು ಸಿಗುತ್ತದೆ, ಅದರಾಚೆ ಬಾಯಿಯ ಅಂಗುಳ ಮೇಲಕ್ಕೆ ಏರುತ್ತದೆ. ಇನ್ನೂ ಹಿಂದಕ್ಕೆ ಮಡಿಚಿದರೆ ‘ಟ’ ಜಾಗ. ನಿಮಗೆ ಬೇಕಿರುವುದು ‘ತ’ಕ್ಕೂ ‘ಟ’ಕ್ಕೂ ನಡುವಿನ ಆ ಉಬ್ಬು. ಗೊತ್ತಾಗದಿದ್ದರೆ ‘ಮನೆ’ ಎನ್ನಿ. ‘ನೆ’ ಹೇಳುವಾಗ ನಾಲಿಗೆ ತಾಗುವ ಕಡೆಯೇ ಅದು.

ಶಾಲೆಯ ವ್ಯಾಕರಣದಲ್ಲಿ ‘ರ’ ಮೂರ್ಧನ್ಯ, ಅಂದರೆ ‘ಟ’ ಹುಟ್ಟುವ ಜಾಗದಲ್ಲೇ ಹುಟ್ಟುವ ಅಕ್ಷರ, ಎಂದು ಓದಿರುತ್ತೇವೆ. ‘ಋಟುರಷಾಣಾಂ ಮೂರ್ಧಾ’ ಎಂಬ ಸಂಸ್ಕೃತದ ಸೂತ್ರದಿಂದ ಬಂದ ಮಾತು ಅದು. ಅದನ್ನು ನಂಬಿ ನಾನು ವರ್ಷಗಟ್ಟಲೆ ನಾಲಿಗೆಯನ್ನು ‘ಟ’ದ ಹಾಗೆ ಮೇಲಕ್ಕೆ ಮಡಿಚಿ ಪ್ರಯತ್ನಿಸಿದೆ. ಮಡಿಚಿದ ನಾಲಿಗೆ ಬಿಗಿಯಾಗಿರುತ್ತದೆ, ಬಿಗಿಯಾದದ್ದು ನಡುಗುವುದಿಲ್ಲ. ಇವತ್ತು ನಾವಾಡುವ ಕನ್ನಡದ ‘ರ’ ವಸಡಿನ ಉಬ್ಬಿನದು. ಮಡಿಚಬೇಡಿ.

ಆಮೇಲೆ ಅಂಚು

ಹೆಚ್ಚಿನವರು ಗಮನಿಸದೆ ಬಿಡುವುದು ಇದನ್ನೇ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಇದೆ.

‘ಲ್’ ಎಂದು ಎಳೆದು ಹೇಳುತ್ತಾ, ನಾಲಿಗೆಯನ್ನು ಅಲ್ಲೇ ಇಟ್ಟುಕೊಂಡು ಉಸಿರನ್ನು ಒಳಕ್ಕೆ ಎಳೆಯಿರಿ. ನಾಲಿಗೆಯ ಪಕ್ಕಗಳಲ್ಲಿ ತಣ್ಣಗಾಗುತ್ತದೆ. ಅಂದರೆ ‘ಲ’ದಲ್ಲಿ ಗಾಳಿ ಪಕ್ಕದಿಂದ ಹೋಗುತ್ತದೆ. ‘ರ’ದಲ್ಲಿ ಹಾಗಾಗಕೂಡದು. ಪಕ್ಕದಲ್ಲಿ ದಾರಿ ಸಿಕ್ಕರೆ ಗಾಳಿ ತುದಿಯನ್ನು ಯಾಕೆ ತಳ್ಳುತ್ತದೆ? ‘ರ’ ಬಾರದವರ ಬಾಯಲ್ಲಿ ‘ಲ’ ಬರುವುದು ಇದರಿಂದ.

ಈಗ ‘ನ್’ ಎಂದು ಎಳೆಯಿರಿ. ನಾಲಿಗೆಯ ಎರಡೂ ಅಂಚುಗಳು ಮೇಲಿನ ದವಡೆ ಹಲ್ಲುಗಳ ಒಳಬದಿಗೆ ಅಂಟಿಕೊಂಡಿರುವುದು ತಿಳಿಯುತ್ತದೆ. ಈ ಹಿಡಿತ ಹಾಗೇ ಇರಲಿ. ಅಂಚು ಗಟ್ಟಿ, ತುದಿ ಮಾತ್ರ ಸಡಿಲ. ದೋಣಿಯ ಹಾಗೆ ಎರಡೂ ಬದಿ ಎದ್ದಿರಬೇಕು, ಗಾಳಿ ನಡುವಿನಿಂದ ಮುಂದಕ್ಕೆ ಬರಬೇಕು. ಕನ್ನಡಿಯ ಮುಂದೆ ನಿಂತು ಅಂಚನ್ನು ಹಾಗೇ ಇಟ್ಟುಕೊಂಡು ತುದಿಯನ್ನು ಮಾತ್ರ ಮೇಲೆ ಕೆಳಗೆ ಮಾಡಿ. ಮೊದಲ ದಿನ ಇಡೀ ನಾಲಿಗೆ ಒಟ್ಟಿಗೆ ಎದ್ದು ಬೀಳುತ್ತದೆ. ಮೂರು ನಾಲ್ಕು ದಿನದಲ್ಲಿ ತುದಿ ಬೇರೆಯಾಗುತ್ತದೆ. ದವಡೆಯೂ ಜೊತೆಗೆ ಅಲ್ಲಾಡುತ್ತಿದ್ದರೆ ಗಲ್ಲದ ಕೆಳಗೆ ಕೈ ಇಟ್ಟು ಹಿಡಿದುಕೊಳ್ಳಿ.

ತಟ್ಟುವ ‘ರ’

‘ಮರ’ ಸರಿಯಾಗಿ ಬರುವವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು.

‘ಗಾಡಿ’ ಎನ್ನಿ. ನಡುವಿನ ‘ಡ’ ಹೇಳುವಾಗ ನಾಲಿಗೆ ಮೇಲೆ ತಟ್ಟಿ ಇಳಿಯುತ್ತದೆ, ಅಲ್ವಾ? ಈಗ ಅದೇ ತಟ್ಟನ್ನು ಸ್ವಲ್ಪ ಮುಂದೆ, ಆ ಉಬ್ಬಿನ ಮೇಲೆ ಮಾಡಿ. ಇನ್ನೂ ಹಗುರವಾಗಿ. ‘ಅಡ, ಅಡ, ಅಡ’ ಎನ್ನುತ್ತಾ ಪ್ರತಿ ಸಲ ಕೂದಲೆಳೆಯಷ್ಟು ಮುಂದಕ್ಕೆ ತನ್ನಿ. ಒಂದು ಹಂತದಲ್ಲಿ ‘ಅರ’ ಎಂದು ಕೇಳಿಸುತ್ತದೆ. ಅಲ್ಲಿ ನಿಲ್ಲಿಸಿ, ಅದನ್ನೇ ಇಪ್ಪತ್ತು ಸಲ ಹೇಳಿ. ನಂತರ ‘ಅರ’, ‘ಇರು’, ‘ಊರು’, ‘ಏರು’. ಮೃದಂಗ ಕಲಿತವರಿದ್ದರೆ ‘ತರಿಕಿಟ’ ಗೊತ್ತಿರುತ್ತದೆ. ತಟ್ಟುವ ‘ರ’ಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಮೊದಲು ನಿಧಾನಕ್ಕೆ, ಆಮೇಲೆ ಎರಡನೇ ಕಾಲದಲ್ಲಿ, ಅಂದರೆ ಎರಡು ಪಟ್ಟು ವೇಗದಲ್ಲಿ.

ಅಮೆರಿಕದಲ್ಲಿ ಬೆಳೆದವರಿಗೆ ಇನ್ನೂ ಸುಲಭದ ದಾರಿ ಇದೆ. ಅಲ್ಲಿನವರು ‘ವಾಟರ್’, ‘ಬೆಟರ್’ ಎನ್ನುವಾಗ ನಡುವಿನ ‘ಟ’ ನಿಜವಾಗಿ ‘ಟ’ ಆಗಿರುವುದಿಲ್ಲ. ಅದು ಹೆಚ್ಚುಕಡಿಮೆ ನಮ್ಮ ತಟ್ಟುವ ‘ರ’ವೇ. ‘ಗಾಟ್ ಎ’ ಎಂಬುದನ್ನು ಅವರು ಬೇಗ ಹೇಳಿದರೆ ನಮಗೆ ‘ಗಾರ’ ಎಂದೇ ಕೇಳಿಸುತ್ತದೆ. ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗಳಿಗೆ ವಿಡಿಯೋ ಕಾಲ್‌ನಲ್ಲಿ ಇದನ್ನು ತೋರಿಸಿದೆ. ಎರಡು ಸಲ ಹೇಳಿ ನೋಡಿದವಳು, ‘ಚಿಕ್ಕೀ, ಇದು ನನ್ ವಾಟರ್‌ನಲ್ಲೇ ಇತ್ತಲ್ಲ!’ ಅಂದಳು. ಮೂರು ವರ್ಷದಿಂದ ಬಾರದಿದ್ದ ‘ನೀರು’ ಆ ಸಂಜೆ ಬಂತು.

ಗಾಳಿಗೆ ಬಿಡುವುದು

ಈಗ ನಿಜವಾದ ‘ರ್ರ’. ಇಲ್ಲಿ ಆತುರ ಬೇಡ.

ಮೊದಲು ತುಟಿಯಿಂದ ಶುರು ಮಾಡಿ. ಮಕ್ಕಳು ಬಸ್ ಓಡಿಸುವ ಆಟದಲ್ಲಿ ತುಟಿ ನಡುಗಿಸಿ ‘ಬುರ್ರ್’ ಎನ್ನುತ್ತಾರಲ್ಲ, ಅದೇ. ತುಟಿಗಳನ್ನು ಸಡಿಲವಾಗಿ ಮುಚ್ಚಿ ಊದಿ. ಬಾರದಿದ್ದರೆ ಎರಡು ಬೆರಳಿನಿಂದ ಕೆನ್ನೆಯನ್ನು ತುಸು ಒಳಕ್ಕೆ, ಮೇಲಕ್ಕೆ ತಳ್ಳಿ. ತುಟಿಯನ್ನು ನೀವು ಅಲ್ಲಾಡಿಸುತ್ತಿಲ್ಲ, ಅದು ಅಲ್ಲಾಡುತ್ತಿದೆ. ಈ ಅನುಭವವನ್ನು ಗಮನವಿಟ್ಟು ನೋಡಿ. ಬಿಗಿ ಮಾಡಿದರೆ ನಿಲ್ಲುತ್ತದೆ, ತೀರಾ ಸಡಿಲ ಬಿಟ್ಟರೂ ಗಾಳಿ ಸುಮ್ನೆ ಸೋರಿಹೋಗುತ್ತದೆ. ಆ ಹದವನ್ನೇ ನಾಲಿಗೆಗೆ ಒಯ್ಯಬೇಕು.

ಈಗ ಆರಾಮವಾಗಿ ಕುಳಿತು ಆಳವಾಗಿ ಉಸಿರು ತೆಗೆದುಕೊಳ್ಳಿ. ಅಂಚುಗಳನ್ನು ದವಡೆ ಹಲ್ಲಿಗೆ ಒತ್ತಿ. ತುದಿಯನ್ನು ಉಬ್ಬಿನ ಮೇಲೆ ಸುಮ್ಮನೆ ಮಲಗಿಸಿ, ಒತ್ತಬೇಡಿ. ಮೊದಲು ದನಿ ಸೇರಿಸದೆ ಬರೀ ಉಸಿರಿನಿಂದ ಊದಿ. ದನಿ ಇದ್ದಾಗ ಧ್ವನಿತಂತುಗಳೇ ಗಾಳಿಯ ಒತ್ತಡದಲ್ಲಿ ಒಂದಷ್ಟನ್ನು ತಿಂದುಬಿಡುತ್ತವೆ. ದನಿ ಇಲ್ಲದಿದ್ದರೆ ಅಷ್ಟೂ ಒತ್ತಡ ನಾಲಿಗೆಗೆ ಸಿಗುತ್ತದೆ. ಮೊದಲ ನಡುಕ ಬಹಳ ಜನರಿಗೆ ಬರುವುದು ಹೀಗೇ: ‘ಹ್ರ್ರ್’ ಎಂಬ ಒಣ ಸದ್ದಾಗಿ.

ಗಾಳಿ ‘ಸ್ಸ್’ ಎಂದು ಸುಮ್ಮನೆ ಸೋರಿದರೆ ತುದಿ ದೂರವಿದೆ, ಇಲ್ಲವೇ ಗಟ್ಟಿಯಾಗಿದೆ. ಏನೂ ಹೊರಬಾರದಿದ್ದರೆ ತುಂಬಾ ಒತ್ತಿದ್ದೀರಿ. ಎರಡರ ನಡುವೆ ಹುಡುಕಿ. ಉಸಿರು ಕಟ್ಟಿ ತಲೆ ತಿರುಗುವಷ್ಟು ಊದಬೇಡಿ. ಆರೇಳು ಸಲ ಆದ ಮೇಲೆ ವಿರಾಮ ಕೊಡಿ.

ಹೀಗೆ ಬಾರದಿದ್ದರೆ ತುದಿಗೆ ಒಂದು ತಳ್ಳು ಕೊಡಬೇಕು. ಎತ್ತಿನ ಗಾಡಿ ಹೊಡೆಯುವವರು ‘ಟುರ್ರ್’ ಎನ್ನುವುದನ್ನು ಕೇಳಿದ್ದರೆ ಈ ಹಂತ ನಿಮಗೆ ಬೇಗ ಹಿಡಿಸುತ್ತದೆ. ‘ಡ್’ ಅಥವಾ ‘ತ್’ ಎಂದು ನಾಲಿಗೆ ಮುಚ್ಚಿದಾಗ ಹಿಂದೆ ಗಾಳಿ ಸೇರಿಕೊಳ್ಳುತ್ತದೆ. ಅದನ್ನು ಒಮ್ಮೆಲೇ ಬಿಟ್ಟಾಗ ಆ ರಭಸಕ್ಕೆ ತುದಿ ನಡುಗಲು ಶುರುವಾಗುತ್ತದೆ. ‘ಡ್ರ್ರ್’, ‘ತ್ರ್ರ್’ ಎಂದು ಪ್ರಯತ್ನಿಸಿ. ‘ಡ’ವನ್ನು ನಿಮ್ಮ ಮಾಮೂಲಿ ‘ಡ’ಕ್ಕಿಂತ ಮುಂದೆ, ಅದೇ ಉಬ್ಬಿನ ಮೇಲೆ ಹೇಳಿ. ‘ಡ್’ ಆದ ಮೇಲೆ ನಾಲಿಗೆಯನ್ನು ಕೆಳಗೆ ಎಳೆದುಕೊಳ್ಳಬೇಡಿ, ಅಲ್ಲೇ ಇರಲಿ. ನೂರಕ್ಕೆ ನೂರು ಜನ ಮಾಡುವ ತಪ್ಪು ಎಳೆದುಕೊಳ್ಳುವುದು. ನಾನೂ ಮೂರು ವಾರ ಇದನ್ನೇ ಮಾಡಿದೆ.

ಕೆಲವರಿಗೆ ಬೆನ್ನ ಮೇಲೆ ಮಲಗಿದರೆ ಬೇಗ ಬರುತ್ತದೆ. ಮಲಗಿದಾಗ ದವಡೆ, ಕತ್ತು ಸಡಿಲವಾಗುತ್ತವೆ. ನನಗೆ ಬಂದದ್ದೂ ಹಾಗೆಯೇ. ಮಧ್ಯಾಹ್ನ ಚಾಪೆಯ ಮೇಲೆ ಮಲಗಿ, ಅಷ್ಟೇನೂ ಮನಸ್ಸಿಡದೆ ‘ಡ್ರ್’ ಎಂದೆ. ಎರಡು ಸಲ ನಡುಗಿತು. ಎದ್ದು ಕುಳಿತೆ, ಹೋಯಿತು. ಮತ್ತೆ ಮಲಗಿದೆ, ಬಂತು. ಅಮ್ಮ ಅಡುಗೆಮನೆಯಿಂದ ‘ಏನೇ ಅದು ಸದ್ದು?’ ಎಂದು ಕೇಳಿದ್ದು ಈಗಲೂ ಕಿವಿಯಲ್ಲಿದೆ.

ಮೊದಲ ಸಲ ಬಂದ ಮೇಲೆ ಅದು ಹೋಗುತ್ತದೆ. ಮರುದಿನ ಬಾರದೇ ಇರಬಹುದು. ಹೆದರಬೇಡಿ. ನಾಲಿಗೆಗೆ ಹದ ಗೊತ್ತಾಗಿದೆ, ಮನಸ್ಸಿಗೆ ಗೊತ್ತಾಗಿಲ್ಲ. ದಿನಕ್ಕೆ ಒಂದೇ ಸಲ ಅರ್ಧ ಗಂಟೆ ಮಾಡುವುದಕ್ಕಿಂತ ಐದೈದು ನಿಮಿಷ ಮೂರು ನಾಲ್ಕು ಸಲ ಮಾಡುವುದು ಒಳ್ಳೆಯದು. ದಣಿದ ನಾಲಿಗೆ ಬಿಗಿಯಾಗುತ್ತದೆ. ಸ್ನಾನ ಮಾಡುವಾಗ, ಸ್ಕೂಟರ್ ನಿಲ್ಲಿಸಿ ಸಿಗ್ನಲ್‌ನಲ್ಲಿ ಕಾಯುವಾಗ, ದೋಸೆ ಬೇಯುವವರೆಗೆ, ಇಂಥ ಹೊತ್ತುಗಳು ಸಾಕು.

ದನಿ, ಸ್ವರ, ಪದ

ಬರೀ ಉಸಿರಿನ ನಡುಕ ಎರಡು ಸೆಕೆಂಡು ನಿಲ್ಲುವಂತಾದ ಮೇಲೆ ದನಿ ಸೇರಿಸಿ. ನಡುಕ ಶುರು ಮಾಡಿ, ನಡುವೆ ‘ಮ್’ ಎಂದು ಗುನುಗುವ ಹಾಗೆ ದನಿ ತನ್ನಿ. ನಿಂತುಹೋದರೆ ಉಸಿರು ಸ್ವಲ್ಪ ಜಾಸ್ತಿ ಬೇಕು ಎಂದರ್ಥ.

ಸ್ವರಗಳಲ್ಲಿ ‘ಅ’, ‘ಆ’ ಮೊದಲು. ‘ಅರ್ರ’, ‘ಆರ್ರ’. ಆಮೇಲೆ ‘ಒರ್ರ’, ‘ಉರ್ರ’. ‘ಇ’ ಕೊನೆಗೆ ಇರಲಿ. ‘ಇ’ ಹೇಳುವಾಗ ನಾಲಿಗೆಯ ಮುಂಭಾಗ ಮೇಲೆದ್ದು ಬಿಗಿಯಾಗುತ್ತದೆ, ತುದಿಗೆ ಆಡಲು ಜಾಗ ಉಳಿಯುವುದಿಲ್ಲ. ‘ಕಿರ್ರ್’ ಬಾರದಿದ್ದರೂ ‘ಕರ್ರ್’ ಬಂದರೆ ಸಾಕಷ್ಟು ಮುಂದೆ ಬಂದಿದ್ದೀರಿ.

ಪದಗಳಿಗೆ ಬೇರೆಲ್ಲೂ ಹುಡುಕಬೇಕಿಲ್ಲ. ಕನ್ನಡದ ಸದ್ದಿನ ಮಾತುಗಳಲ್ಲಿ ‘ರ್ರ’ ತುಂಬಿಕೊಂಡಿದೆ. ಹಾವು ಸರ್ರನೆ ಹರಿಯಿತು. ಬುಗುರಿ ಗರ್ರನೆ ತಿರುಗಿತು. ಬಟ್ಟೆ ಪರ್ರನೆ ಹರಿಯಿತು. ಹಕ್ಕಿ ಪುರ್ರನೆ ಹಾರಿತು. ನಾಯಿ ಗುರ್ರ್ ಎಂದಿತು. ಕಾದ ಬಾಣಲೆಗೆ ನೀರು ಬಿದ್ದು ಚುರ್ರ್ ಎಂದಿತು. ಬಾಗಿಲು ಕಿರ್ರ್ ಎಂದಿತು. ಇವುಗಳ ಸೊಗಸೇನೆಂದರೆ, ಎಷ್ಟು ಉದ್ದ ಎಳೆದರೂ ತಪ್ಪಲ್ಲ. ಮೊದಲು ನಾಲ್ಕೈದು ನಡುಕ ಇರಲಿ, ಆಮೇಲೆ ಮೂರಕ್ಕೆ, ಎರಡಕ್ಕೆ ಇಳಿಸಿ. ಮಕ್ಕಳಿಗೆ ಕತೆ ಹೇಳುತ್ತಾ ಮಾಡಿದರೆ ಅಭ್ಯಾಸ ಅನ್ನಿಸುವುದೂ ಇಲ್ಲ.

ಒತ್ತಕ್ಷರಗಳು ಇನ್ನೊಂದು ಮೆಟ್ಟಿಲು. ‘ಪ್ರೀತಿ’, ‘ಮಿತ್ರ’, ‘ಚಕ್ರ’ ಇವುಗಳಲ್ಲಿ ಹಿಂದಿನ ವ್ಯಂಜನವೇ ‘ರ’ಕ್ಕೆ ತಳ್ಳು ಕೊಡುತ್ತದೆ. ‘ಕರ್ನಾಟಕ’, ‘ಮರ್ಮ’, ‘ಅರ್ಧ’ ಸ್ವಲ್ಪ ಕಷ್ಟ.

ಎಲ್ಲ ಆದ ಮೇಲೆ ನಮ್ಮೆಲ್ಲರಿಗೂ ಗೊತ್ತಿರುವ ಆ ನಾಲಿಗೆ ಹೊರಳು ಮಾತು: ‘ತರೀಕೆರೆ ಕೆರೆ ಏರಿ ಮೇಲೆ ಮೂರು ಕರಿ ಕುರಿ ಮರಿ ಮೇಯುತ್ತಿತ್ತು.’ ಇಲ್ಲಿ ಒಂದು ಎಚ್ಚರ. ಇದರ ಒಂದೊಂದು ‘ರ’ವನ್ನೂ ನಡುಗಿಸಲು ಹೋಗಬೇಡಿ. ಇವೆಲ್ಲ ತಟ್ಟುವ ‘ರ’. ಹೊಸದಾಗಿ ‘ರ್ರ’ ಕಲಿತವರು ಖುಷಿಗೆ ‘ಮರ್ರ’, ‘ನೀರ್ರು’ ಎಂದು ಎಲ್ಲ ಕಡೆ ಉರುಳಿಸುತ್ತಾರೆ. ಒಂದು ತಿಂಗಳು ಪರವಾಗಿಲ್ಲ, ಆಮೇಲೆ ಬಿಡಿ. ದಿನದ ಮಾತಿಗೆ ಒಂದು ತಟ್ಟು ಸಾಕು.

ಒಂದು ಕಾಲದಲ್ಲಿ ಕನ್ನಡದಲ್ಲೇ ಎರಡು ‘ರ’ ಇದ್ದವು. ಹಳಗನ್ನಡದಲ್ಲಿ ‘ರ’ ಬೇರೆ, ‘ಱ’ ಬೇರೆ. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜನೂ ‘ಱ’ವನ್ನು ಬೇರೆ ಅಕ್ಷರವಾಗಿಯೇ ಎಣಿಸಿದ್ದಾನೆ. ಅದಕ್ಕೆ ಶಕಟರೇಫ ಎಂಬ ಹೆಸರಿದೆ. ಶಕಟ ಎಂದರೆ ಬಂಡಿ. ಮೇಲಿನ ಮಾತಿನ ‘ಕೆರೆ’, ‘ಮೂರು’, ‘ಮರಿ’ ಆಗ ‘ಕೆಱೆ’, ‘ಮೂಱು’, ‘ಮಱಿ’ ಆಗಿದ್ದವು. ‘ಕರಿ’ ಮಾತ್ರ ಆಗಲೂ ‘ಕರಿ’ಯೇ. ನಾಲಿಗೆ ಆಗ ಎರಡು ಬಗೆಯಾಗಿ ಹೊರಳಬೇಕಿತ್ತು. ನಾನು ಅಂಗಡಿಯಲ್ಲಿ ಕೇಳಲಾರದೆ ಹೋದ ‘ಮೂರು’ ಹಿಂದೆ ಇನ್ನೂ ದೊಡ್ಡ ‘ರ’ ಆಗಿತ್ತು ಎಂದು ತಿಳಿದಾಗ ಯಾಕೋ ಸಮಾಧಾನವಾಗಿತ್ತು.

ಮಲಯಾಳದಲ್ಲಿ ಈ ಎರಡೂ ಇವತ್ತಿಗೂ ಜೀವಂತವಾಗಿವೆ. ಅವರ ‘ಕರ’ ಎಂದರೆ ದಡ, ‘ಕಱ’ ಎಂದರೆ ಕಲೆ. ಮಲಯಾಳಿ ಗೆಳೆಯರಿದ್ದರೆ ಈ ಎರಡನ್ನು ಹೇಳಿಸಿ ಕೇಳಿ, ಕಿವಿಗೆ ಒಳ್ಳೆಯ ತರಬೇತಿ. ಸ್ಪ್ಯಾನಿಷ್‌ನಲ್ಲೂ ಇದೇ ಕತೆ. ‘ಪೆರೊ’ ಎಂದರೆ ‘ಆದರೆ’, ‘ಪೆರ್ರೊ’ ಎಂದರೆ ನಾಯಿ. ಅಲ್ಲಿ ಪದದ ಮೊದಲಿಗೆ ಬರುವ ‘ರ’ ಯಾವಾಗಲೂ ನಡುಗುತ್ತದೆ. ಸ್ಪ್ಯಾನಿಷ್ ಕಲಿಯುವ ಕನ್ನಡಿಗರು ಎಡವುವುದು ಹೆಚ್ಚಾಗಿ ಈ ಪದದ ಮೊದಲಿನ ‘ರ’ದಲ್ಲಿ. ನಡುವಿನ ‘ರ್ರ’ಕ್ಕೆ ನಮ್ಮ ‘ಗರ್ರನೆ’ ಇದೆ, ಪದದ ಮೊದಲಿಗೆ ನಡುಗಿಸುವ ರೂಢಿ ನಮಗಿಲ್ಲ. ಮೊದಮೊದಲು ಒಂದು ಸಣ್ಣ ‘ಅ’ ಹಿಂದೆ ಸೇರಿಸಿಕೊಂಡು ಅಭ್ಯಾಸ ಮಾಡಿ, ಆಮೇಲೆ ಅದನ್ನು ನುಂಗಿಬಿಡಿ.

ಮಕ್ಕಳಿದ್ದರೆ

‘ರ’ ಮಕ್ಕಳ ಬಾಯಿಗೆ ತಡವಾಗಿ ಬರುವ ಅಕ್ಷರಗಳಲ್ಲಿ ಒಂದು. ಮೂರು ವರ್ಷದ ಮಗು ‘ಲಾಮ’ ಎಂದರೆ ಅದು ದೋಷವಲ್ಲ. ಅದರ ನಾಲಿಗೆಗೆ ತುದಿಯನ್ನು, ಅಂಚನ್ನು ಬೇರೆ ಬೇರೆ ಮಾಡುವ ಹಿಡಿತ ಇನ್ನೂ ಬಂದಿಲ್ಲ. ‘ಸರಿಯಾಗಿ ಹೇಳು’ ಎಂದು ತಿದ್ದುವ ಬದಲು ನೀವು ಸರಿಯಾಗಿ ಹೇಳಿ ತೋರಿಸಿದರೆ ಸಾಕು. ‘ಹೌದು ಕಂದ, ರಾಮ ಬಂದ.’ ನೆಂಟರ ಮುಂದೆ ನಿಲ್ಲಿಸಿ ‘ತರೀಕೆರೆ’ ಹೇಳಿಸಬೇಡಿ. ಎಲ್ಲರೂ ನಕ್ಕಾಗ ಮಗುವೂ ನಗುತ್ತದೆ. ಆಮೇಲೆ ಅದು ಮೂರರ ಬದಲು ನಾಲ್ಕು ಕೇಳಲು ಶುರು ಮಾಡುತ್ತದೆ.

ಬಜೆ ಅರೆದು ನಾಲಿಗೆಗೆ ತಿಕ್ಕಿದರೆ ಮಾತು ಸ್ಪಷ್ಟವಾಗುತ್ತದೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿದೆ. ‘ರ’ ಬಾರದಿರುವುದು ನಾಲಿಗೆಯ ಚಲನೆಯ ವಿಷಯ, ಬಜೆಯಿಂದ ಅದು ಬರುವುದಿಲ್ಲ. ಅದರ ಜೊತೆ ಜೇನು ಸೇರಿಸಿ ಒಂದು ವರ್ಷದೊಳಗಿನ ಕೂಸಿಗೆ ನೆಕ್ಕಿಸುವುದಂತೂ ಅಪಾಯ. ಜೇನಿನಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಅಷ್ಟು ಸಣ್ಣ ಮಕ್ಕಳಿಗೆ ವಿಷವಾಗಬಲ್ಲದು.

ನಾಲಿಗೆಯ ಕೆಳಗಿನ ಎಳೆ ಗಿಡ್ಡವಾಗಿದೆ, ಅದನ್ನು ಕತ್ತರಿಸಿದರೆ ‘ರ’ ಬರುತ್ತದೆ ಎಂದೂ ಕೆಲವರು ಹೇಳುತ್ತಾರೆ. ಮಗು ನಾಲಿಗೆಯನ್ನು ಮೇಲಿನ ವಸಡಿಗೆ ತಾಗಿಸಬಲ್ಲದೇ ನೋಡಿ. ತಾಗಿದರೆ ‘ರ’ಕ್ಕೆ ಬೇಕಾದ ಉದ್ದ ಅದಕ್ಕಿದೆ. ತಾಗದಿದ್ದರೆ ವೈದ್ಯರಿಗೆ ತೋರಿಸಿ, ಮನೆಯಲ್ಲೇ ತೀರ್ಮಾನ ಮಾಡಬೇಡಿ.

ಆರೇಳು ವರ್ಷ ದಾಟಿದ ಮೇಲೂ ‘ರ’ ಬಾರದಿದ್ದರೆ, ಅಥವಾ ‘ರ’ ಒಂದೇ ಅಲ್ಲದೆ ಹಲವು ಅಕ್ಷರಗಳು ತೊಡಕಾಗಿದ್ದರೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಿ. ಮಗುವಿನ ಕಿವಿಯನ್ನೂ ಪರೀಕ್ಷೆ ಮಾಡಿಸಿ, ಕೇಳಿಸದ ಅಕ್ಷರ ಬಾಯಿಗೆ ಬರುವುದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಎರಡನ್ನೂ ಅಲ್ಲಿ ಒಂದೇ ಕಡೆ ನೋಡುತ್ತಾರೆ, ದೊಡ್ಡವರನ್ನೂ ನೋಡುತ್ತಾರೆ. ಹೋಗುವಾಗ ಮಗು ಮನೆಯಲ್ಲಿ ಆಡಿದ ಮಾತನ್ನು ಎರಡು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ. ಹೊಸಬರ ಎದುರು ಎಷ್ಟೋ ಮಕ್ಕಳು ಬಾಯಿಯನ್ನೇ ಬಿಡುವುದಿಲ್ಲ.